ಎಣ್ಣೆ ಮರಳಿನ ಮೇಲೆ ಕಲಿತ ನಿಲುವು

ಕುಳಿಗೂ ಚೆಂಡಿಗೂ ನಡುವೆ ಎರಡು ಮೊಳಕ್ಕಿಂತ ಹೆಚ್ಚು ಜಾಗವಿರಲಿಲ್ಲ. ಹುಲ್ಲನ್ನು ಆ ಬೆಳಿಗ್ಗೆಯಷ್ಟೇ ಕತ್ತರಿಸಿದ್ದರು. ಗಾಳಿಯೂ ಇರಲಿಲ್ಲ. ನಾನು ಪಟರ್ ಹಿಂದಕ್ಕೆಳೆದು ಚೆಂಡಿಗೆ ತಾಗಿಸಿದೆ. ಅದು ಕುಳಿಯ ಬಲ ಅಂಚನ್ನು ಸವರಿಕೊಂಡು ಆಚೆ ಹೋಗಿ ನಿಂತಿತು. ಕಳೆದ ವರ್ಷದ ಜೋಡಿ ಸ್ಪರ್ಧೆಯನ್ನು ನಾವು ಸೋತದ್ದು ಹೀಗೆ. ‘ನಾವು’ ಎಂದು ಬರೆಯುವುದು ನನ್ನ ಅನುಕೂಲಕ್ಕೆ.

ಗಾಲ್ಫ್ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ದೂರದ ಹೊಡೆತಗಳು ಮುಗಿದು ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಅಂದರೆ ಗ್ರೀನ್‌ಗೆ, ಬಂದ ಮೇಲೆ ಪಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ಅದನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸಬೇಕು. ಆ ಹೊಡೆತಕ್ಕೆ ಪಟ್ ಎನ್ನುತ್ತಾರೆ. ಆಕಾಶಕ್ಕೆ ಹಾರಿಸಿದ ಹೊಡೆತಕ್ಕೂ ಎರಡು ಮೊಳ ಉರುಳಿಸಿದ್ದಕ್ಕೂ ಲೆಕ್ಕದಲ್ಲಿ ಬೆಲೆ ಒಂದೇ. ಜೋಡಿ ಸ್ಪರ್ಧೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಹಾಗಾಗಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರಲೇಬೇಕು.

ನನ್ನ ತಪ್ಪುಗಳನ್ನು ಹೊರುತ್ತಿದ್ದವಳು ಒಬ್ಬ ದಂತವೈದ್ಯೆ, ನನ್ನ ಹಳೆಯ ಗೆಳತಿ. ನಮ್ಮ ಮೈದಾನ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಲವಗೊಪ್ಪ ದಾಟಿ ಒಳಗೆ ತಿರುಗಿದರೆ ಸಿಗುತ್ತದೆ. ಒಂಬತ್ತೇ ಕುಳಿಗಳ ಸಣ್ಣ ಜಾಗ. ಅಲ್ಲಿ ತಪ್ಪದೆ ಬಂದು ಆಡುವ ಹೆಂಗಸರು ನಾವಿಬ್ಬರೇ. ಸೋತ ದಿನ ವಾಪಸ್ ಬರುವಾಗ, ಕಾರು ಊರಿನ ಹತ್ತಿರ ಬಂದದ್ದೇ ಅವಳು ಶುರು ಮಾಡಿದಳು.

“ಸೋತಿದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ. ಆದ್ರೆ ಕಷ್ಟಪಟ್ಟು ಚೆಂಡನ್ನ ಕುಳಿ ಬಾಯಿಗೆ ತಂದಿಡೋದು ನಾನು, ಅಲ್ಲಿಂದ ಓಡಿಸೋದು ನೀನು. ಹಲ್ಲು ಕಿತ್ತು ಕೈಗೆ ಕೊಟ್ಮೇಲೆ ಪೇಷಂಟು ವಾಪಸ್ ಬಾಯಿಗೆ ಹಾಕ್ಕೊಂಡ ಹಾಗಾಯ್ತು.”

“ಒಂದು ಸಲ ತಪ್ಪಿದ್ದಲ್ವಾ?”

“ಒಂದು ಸಲಾನಾ? ಮೂರನೇ ಗ್ರೀನಲ್ಲಿ ಏನಾಯ್ತು? ಅದರ ಮುಂದಿನದ್ರಲ್ಲಿ?”

ಮೂರನೆಯದರಲ್ಲಿ ತಪ್ಪಿದ್ದು ನನಗೆ ನಿಜಕ್ಕೂ ಮರೆತೇ ಹೋಗಿತ್ತು. ಅಷ್ಟು ಬೇಗ, ಅದೇ ದಿನ ಮರೆತಿತ್ತು.

“ಮುಂದಿನ ವರ್ಷದೊಳಗೆ ಇದನ್ನ ಸರಿ ಮಾಡ್ಕೋ. ಆಗಲ್ಲ ಅಂದ್ರೆ ಮೊದಲೇ ಹೇಳ್ಬಿಡು, ಬೇರೆ ಜೋಡಿ ನೋಡ್ಕೋತೀನಿ. ಫ್ರೆಂಡ್‌ಶಿಪ್ ಬೇರೆ, ಇದು ಬೇರೆ.”

ವಿದ್ಯಾನಗರದ ನಮ್ಮ ಮನೆಯ ಗೇಟಿನ ಮುಂದೆ ನನ್ನನ್ನು ಇಳಿಸಿ, “ಊಟ ಮಾಡು, ಹಾಗೇ ಮಲ್ಕೋಬೇಡ,” ಎಂದು ಹೋದಳು. ಗೆಳೆತನ ಬೇರೆ ಎಂದದ್ದು ಸುಳ್ಳಲ್ಲ. ಆದರೆ ವಾರವಿಡೀ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗಿ ಇತಿಹಾಸ ಪಾಠ ಮಾಡಿ ಬರುವ ನನಗೆ ಯಾರ ಅಧ್ಯಾಪಕಿಯೂ ಯಾರ ಹೆಂಡತಿಯೂ ಆಗಿರದ ಹೊತ್ತೆಂದರೆ ಭಾನುವಾರದ ಬೆಳಗು ಮಾತ್ರ. ಆ ಬೆಳಗನ್ನು ನಾನು ಅವಳ ಜೋಡಿಯಾಗಿ ಗಳಿಸಿದ್ದೆ. ಅವಳು ಬೇರೆಯವರ ಜೊತೆ ಆಡುವುದನ್ನು ಬೆಂಚಿನ ಮೇಲೆ ಕೂತು ನೋಡುವುದು ನನ್ನಿಂದಾಗದು ಎಂಬುದು ಗೇಟು ಹಾಕುವಾಗಲೇ ಗೊತ್ತಾಯಿತು.

ನನಗೊಂದು ಭರವಸೆಯಿತ್ತು. ನಾನು ಆಟ ಕಲಿತದ್ದು ಭದ್ರಾವತಿಯಲ್ಲಿ, ಹುಡುಗಿಯಾಗಿದ್ದಾಗ, ಅಪ್ಪನ ಪಕ್ಕದಲ್ಲಿ ನಿಂತು. ಆಗ ನಾನು ಸಣ್ಣ ಪಟ್ ತಪ್ಪುತ್ತಲೇ ಇರಲಿಲ್ಲ. ಮದುವೆ, ಕೆಲಸ ಎಂದು ಎಷ್ಟೋ ವರ್ಷ ಕೋಲು ಮುಟ್ಟದೆ ಇದ್ದು ಮತ್ತೆ ಶುರುಮಾಡಿದ್ದರಿಂದ ಕೈ ತಪ್ಪಿದೆ. ಆ ಹಳೆಯ ಹಿಡಿತವನ್ನೂ ನಿಲುವನ್ನೂ ಸರಿಯಾಗಿ ನೆನಪಿಸಿಕೊಂಡರೆ ಎಲ್ಲ ತಾನಾಗಿ ಮರಳುತ್ತದೆ ಎಂದುಕೊಂಡೆ.

ಅಪ್ಪ ಅಲ್ಲಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದರು. ಕ್ವಾರ್ಟರ್ಸ್‌ಗಳ ಹಿಂದೆ ಒಂದು ಮೈದಾನವಿತ್ತು. ಹುಲ್ಲಿನ ಗ್ರೀನ್ ಸಾಕುವಷ್ಟು ನೀರು ಅಲ್ಲಿರಲಿಲ್ಲ. ಅದಕ್ಕೆ ಕುಳಿಯ ಸುತ್ತ ದುಂಡಗೆ ಮರಳು ಹಾಸಿ, ಅದು ಗಾಳಿಗೆ ಹಾರದ ಹಾಗೆ ಯಂತ್ರಗಳಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಬೆರೆಸುತ್ತಿದ್ದರು. ಕಪ್ಪಗೆ ಕಂದಿದ ಆ ವೃತ್ತಕ್ಕೆ ಗ್ರೀನ್ ಎನ್ನಲು ಬಾಯಿ ಬರದೆ ಎಲ್ಲರೂ ಬ್ರೌನ್ ಎನ್ನುತ್ತಿದ್ದರು. ಪಟ್ ಮಾಡುವ ಮೊದಲು, ಗೋಣಿಚೀಲ ಸುತ್ತಿದ ಕಬ್ಬಿಣದ ಪೈಪನ್ನು ಚೆಂಡಿನಿಂದ ಕುಳಿಯವರೆಗೆ ಎಳೆಯಬೇಕು. ಹೆಜ್ಜೆ ಗುರುತುಗಳು ಅಳಿಸಿ ಒಂದು ನುಣುಪು ದಾರಿ ಮೂಡುತ್ತಿತ್ತು. ಚೆಂಡು ಆ ದಾರಿಯಲ್ಲಿ ನೆಟ್ಟಗೆ ಹೋಗುತ್ತಿತ್ತು. ಮರಳು ಭಾರವಾದ್ದರಿಂದ ಬಲವಾಗಿ ಕುಟ್ಟಬೇಕಿತ್ತು. ಇದು ನನಗೆ ನೆನಪಿರುವುದು. ಎಣ್ಣೆಯ ವಾಸನೆಯಂತೂ ಖಂಡಿತ ನೆನಪಿದೆ. ಉಳಿದದ್ದಕ್ಕೆ ನಾನು ಅಷ್ಟು ಗಟ್ಟಿಯಾಗಿ ಸಾಕ್ಷಿ ಹೇಳಲಾರೆ.

ಅಪ್ಪನ ನಿಲುವು ಹೀಗಿತ್ತು: ಕಾಲು ಅಗಲಿಸಿ, ಚೆಂಡಿನಿಂದ ದೂರ ನಿಂತು, ತೋಳು ಚಾಚಿ, ಬಲಗೈಯನ್ನು ಕೆಳಗೆ ಹಿಡಿದು, ಅದರ ತೋರುಬೆರಳನ್ನು ಕೋಲಿನುದ್ದಕ್ಕೆ ಇಳಿಬಿಟ್ಟು, ಮಣಿಕಟ್ಟಿನಿಂದ ಒಂದು ಏಟು. ನಾನು ಮನೆಯ ಹಜಾರದಲ್ಲಿ ಜಮಖಾನ ಹಾಸಿ, ಗೋಡೆಯ ಹತ್ತಿರ ಸ್ಟೀಲ್ ಲೋಟ ಮಲಗಿಸಿ, ಇದನ್ನೇ ಅಭ್ಯಾಸ ಮಾಡತೊಡಗಿದೆ. ಚೆಂಡು ಲೋಟದ ಬಲಕ್ಕೆ ಹೋಗುತ್ತಿತ್ತು. ಅದನ್ನು ತಡೆಯಲು ಹೋದರೆ ಎಡಕ್ಕೆ. ಲೋಟದ ಹೊರಮೈಗೆ ಬಡಿದಾಗ ಮನೆಯೆಲ್ಲ ಠಣ್ಣೆನ್ನುತ್ತಿತ್ತು.

“ಆ ಲೋಟ ನಿಂಗೇನು ಮಾಡಿತ್ತು?” ಎಂದು ಗಂಡ ಪತ್ರಿಕೆಯ ಹಿಂದಿನಿಂದ ಕೇಳಿದರು.

“ಒಳಗೆ ಬಿದ್ರೆ ಸದ್ದಾಗಲ್ಲ.”

“ಅದನ್ನ ಯಾವಾಗ ಕೇಳ್ತೀನೋ ನೋಡೋಣ.”

ಬಸ್ಸಿನಲ್ಲಿ ಶಂಕರಘಟ್ಟಕ್ಕೆ ಹೋಗುವಾಗ ಮಡಿಚಿದ ಛತ್ರಿಯನ್ನೇ ಪಟರಿನಂತೆ ಹಿಡಿದು ಬೆರಳು ಸರಿಪಡಿಸಿಕೊಳ್ಳುತ್ತಿದ್ದೆ. ಎದುರು ಸೀಟಿನ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ಛತ್ರಿ ಓಪನ್ ಆಗ್ತಿಲ್ವಾ? ಕೊಡಿ,” ಎಂದು ಕೈ ನೀಡಿದಳು. ತಿಂಗಳುಗಳು ಹೋದವು. ಭಾನುವಾರ ಹೊಡೆಯುತ್ತಿದ್ದ ತುಸು ದೂರದ ಪಟ್‌ಗಳಲ್ಲೂ ಏನೂ ಬದಲಾಗಲಿಲ್ಲ. ಹಳೆಯದನ್ನು ಇನ್ನೂ ಪೂರ್ತಿ ಹಿಡಿದಿಲ್ಲ, ಯಾವುದೋ ಒಂದು ಸಣ್ಣ ಸಂಗತಿ ಮರೆತಿದ್ದೇನೆ ಎಂದೇ ನನಗೆ ಅನಿಸುತ್ತಿತ್ತು.

ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳುವುದು ಬೇರೆ. ಒಬ್ಬರ ನೆನಪನ್ನು ಇನ್ನೊಂದು ಆಧಾರದೊಂದಿಗೆ ಹೋಲಿಸದೆ ನಂಬಬೇಡಿ ಎನ್ನುತ್ತೇನೆ. ಒಂದು ದಿನ ಆ ವಾಕ್ಯವನ್ನು ಹೇಳುತ್ತಿದ್ದಾಗಲೇ, ನನ್ನ ನಿಲುವಿಗೆ ಇನ್ನೊಂದು ಆಧಾರ ಯಾವುದು ಎಂಬ ಪ್ರಶ್ನೆ ಬಂದಿತು. ಅಪ್ಪ ಈಗಿಲ್ಲ. ಅವರ ಜೊತೆ ಆಡಿದವರಲ್ಲಿ ಭದ್ರಾವತಿಯಲ್ಲೇ ಉಳಿದಿರುವವರು, ನನಗೆ ಗೊತ್ತಿರುವಂತೆ, ಒಬ್ಬ ಆಂಟಿ ಮಾತ್ರ. ಆಗಿನ ಕಾಲದಲ್ಲಿ ಅಲ್ಲಿ ಗಂಡಸರ ಸಮಕ್ಕೆ ಆಡಿದ ಒಬ್ಬಳೇ ಹೆಂಗಸು. ಅವರ ಗಂಡ ಅಪ್ಪನ ಸಹೋದ್ಯೋಗಿಯಾಗಿದ್ದರು. ಮನೆಮಾತು ತಮಿಳು. ಮುಂದಿನ ಶನಿವಾರವೇ ಹೋದೆ.

ಮೊದಲು ಮೈದಾನಕ್ಕೆ ಹೋಗಿ ನೋಡಿದೆ. ಪಾರ್ಥೇನಿಯಂ ಸೊಂಟದವರೆಗೆ ಬೆಳೆದಿತ್ತು. ಒಂದು ಮೂಲೆಯನ್ನು ಸವರಿ ಯಾರೋ ಕ್ರಿಕೆಟ್‌ಗೆ ಪಿಚ್ ಮಾಡಿಕೊಂಡಿದ್ದರು. ಬ್ರೌನ್‌ಗಳಿದ್ದ ಜಾಗದಲ್ಲಿ ಮಾತ್ರ ಇಷ್ಟು ವರ್ಷವಾದರೂ ಹುಲ್ಲು ಹುಟ್ಟಿರಲಿಲ್ಲ. ಕಪ್ಪು ವೃತ್ತಗಳು ಹಾಗೇ ಇದ್ದವು. ನಾನು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕವು.

ಆಂಟಿಗೆ ಎಂಬತ್ತು ದಾಟಿದೆ. ಜಗಲಿಯಲ್ಲಿ ಕೂತಿದ್ದವರು ಗುರುತು ಹಿಡಿದದ್ದು ನನ್ನ ಧ್ವನಿಯಿಂದ.

“ವಾ ಮಾ, ವಾ. ಬಾ, ಕೂತ್ಕೋ. ನಿಂದೂ ಕೂದ್ಲು ಬೆಳ್ಳಗಾಯ್ತಾ? ಸರಿ, ನಮ್ ಸಂಘಕ್ಕೆ ಸೇರ್ಕೊಂಡೆ.”

ಕಾಫಿ ಆದ ಮೇಲೆ ಬಂದ ವಿಷಯ ಹೇಳಿದೆ. ಅವರ ಊರುಗೋಲು ಇಸಿದುಕೊಂಡು ಜಗಲಿಯ ನಡುವೆ ಕಾಲು ಅಗಲಿಸಿ, ದೂರ ನಿಂತು, ತೋಳು ಚಾಚಿ ತೋರಿಸಿದೆ. “ಅಪ್ಪ ಹೀಗೇ ನಿಲ್ತಿದ್ರಲ್ವಾ ಆಂಟಿ? ಏನೋ ಒಂದು ಬಿಟ್ಟುಹೋಗಿದೆ ಅನ್ಸುತ್ತೆ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನೂ ಬಿಟ್ಟಿಲ್ಲ ಮಾ! ಅಚ್ಚು ನಿಮ್ಮಪ್ಪ! ಬಾವಿ ಒಳಗೆ ಇಣುಕೋ ಹಾಗೆ! ಯಾಕೆ ಹಂಗೆ ನಿಲ್ತಿದ್ರು ಗೊತ್ತಾ?”

“ಬ್ಯಾಲೆನ್ಸ್‌ಗೆ.”

“ಬ್ಯಾಲೆನ್ಸೂ ಇಲ್ಲ, ಗೀಲೆನ್ಸೂ ಇಲ್ಲ. ಶೂಗೆ! ಬಿಳಿ ಕ್ಯಾನ್ವಾಸ್ ಶೂ ಇತ್ತಲ್ಲ ಅವ್ರದ್ದು? ಪೈಪ್ ಎಳೆದ್ರೆ ಅಡಿಯಿಂದ ಹಸಿ ಆಯಿಲ್ ಮೇಲೆ ಬರೋದು. ಅದನ್ನ ತುಳ್ಕೊಂಡು ಹೋದ್ರೆ ನಿಮ್ಮಮ್ಮ ಬಾಗ್ಲಲ್ಲೇ ನಿಲ್ಲಿಸ್ತಿದ್ರು. ನಿಮ್ಮಪ್ಪ ಒಬ್ರೇ ಅಲ್ಲ, ಎಲ್ಲಾ ಗಂಡಸ್ರೂ ಹಂಗೇ. ಎಳೆದ ದಾರಿಗೆ ಕಾಲು ತಾಗಬಾರ್ದು ಅಂತ ಅಷ್ಟು ದೂರ ನಿಂತು ಕೈ ಚಾಚೋದು. ನಾನು ಕರಿ ಚಪ್ಪಲಿ ಹಾಕ್ಕೊಂಡು ಹತ್ರ ನಿಂತು ಹೊಡೀತಿದ್ದೆ. ಅದಕ್ಕೇ ಗೆಲ್ತಿದ್ದೆ!”

ನಾನು ಊರುಗೋಲು ಕೆಳಗಿಳಿಸಿದೆ. ಆದರೂ ಒಂದು ಎಳೆ ಉಳಿದಿತ್ತಲ್ಲ, ಅದನ್ನು ಬಿಡಲಿಲ್ಲ. “ಆದ್ರೂ ನಾನು ಆಗ ಸಣ್ಣ ಪಟ್ ತಪ್ತಾ ಇರ್ಲಿಲ್ಲ, ಅಲ್ವಾ ಆಂಟಿ?”

“ನೀನಾ? ಹೊಡ್ದಿದ್ರೆ ತಾನೇ ಮಾ ತಪ್ಪೋದು!”

ಅವರು ವಿವರಿಸಿದರು. ಬ್ರೌನ್ ಮೇಲೆ ಕುಳಿಯ ಸಮೀಪ ನಿಂತ ಚೆಂಡಿಗೆ ಯಾರೂ ಮತ್ತೆ ಪೈಪ್ ಎಳೆಯುತ್ತಿರಲಿಲ್ಲ. ಹೋಗುವಾಗೊಮ್ಮೆ ಬರುವಾಗೊಮ್ಮೆ ತುಳಿದರೆ ಮುಂದಿನವರಿಗೆ ಮರಳು ಹಾಳು. ಅದಕ್ಕೇ ಒಂದು ಕೋಲಳತೆಯ ಒಳಗಿದ್ದರೆ ಎದುರಾಳಿಯೇ “ಕೊಟ್ಟೆ” ಎನ್ನುತ್ತಿದ್ದ, ಬಿದ್ದಂತೆಯೇ ಲೆಕ್ಕ. ಚೆಂಡು ಎತ್ತಿಕೊಂಡು ಮುಂದೆ ನಡೆಯುವುದು. “ಅದೂ ನೀನು ಚಿಕ್ಕ ಹುಡುಗಿ. ನಿಂಗೆ ಇನ್ನೂ ದೂರದ್ದೂ ಕೊಡ್ತಿದ್ರು.”

ಆಂಟಿಯ ಮಾತನ್ನೂ ನಾನು ಪೂರ್ತಿ ನಂಬಬೇಕಿರಲಿಲ್ಲ. ಅದೇ ಮಧ್ಯಾಹ್ನ ಅವರು ಅಪ್ಪ ಹಸಿರು ಹ್ಯಾಟ್ ಹಾಕುತ್ತಿದ್ದರೆಂದೂ ಹೇಳಿದರು. ಅಪ್ಪ ಹ್ಯಾಟ್ ಹಾಕಿದ್ದನ್ನು ನಾನು ಕಂಡಿಲ್ಲ. ಅಥವಾ ಕಂಡಿಲ್ಲವೆಂದು ಅಂದುಕೊಂಡಿದ್ದೇನೆ. ವಾಪಸ್ ಬರುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ನನ್ನನ್ನೇ ವಿಚಾರಿಸಿದೆ. ಭದ್ರಾವತಿಯ ಒಂದಾದರೂ ಸಣ್ಣ ಪಟ್ ಕುಳಿಗೆ ಬಿದ್ದ ಸದ್ದು ನೆನಪಿದೆಯೇ? ಇರಲಿಲ್ಲ. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದೇ: ಬಗ್ಗಿ, ಎಣ್ಣೆ ಮರಳು ಅಂಟಿದ ಚೆಂಡನ್ನು ಎತ್ತಿ, ಸ್ಕರ್ಟಿನ ಅಂಚಿಗೆ ಒರೆಸಿಕೊಂಡು ಅಮ್ಮನಿಂದ ಬೈಸಿಕೊಂಡದ್ದು. ಬಗ್ಗಿದ್ದು ನನ್ನ ಬೆನ್ನಿಗೂ ನೆನಪಿತ್ತು. ಬಿದ್ದದ್ದು ಕಿವಿಗೆ ನೆನಪಿರಲಿಲ್ಲ.

ಅಂದರೆ ಮರಳಿ ಪಡೆಯುವಂಥದ್ದು ಏನೂ ಇರಲಿಲ್ಲ. ನಾನು ತಿಂಗಳುಗಟ್ಟಲೆ ಜಮಖಾನದ ಮೇಲೆ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದು ಶೂ ಕೊಳೆಯಾಗದಂತೆ ನಿಲ್ಲುವ ವಿಧಾನವನ್ನು. ಮೊದಲು ಅವಮಾನವಾಯಿತು. ಬಸ್ಸು ಊರು ಸೇರುವ ಹೊತ್ತಿಗೆ ಅವಮಾನ ಹೋಗಿ ಒಂದು ಬಗೆಯ ಹಟ ಉಳಿದಿತ್ತು. ಕಳೆದುಕೊಂಡದ್ದನ್ನು ಹುಡುಕುವವರು ಎಷ್ಟು ದಿನವಾದರೂ ಹುಡುಕುತ್ತಲೇ ಇರಬಹುದು. ಇಲ್ಲವೇ ಇಲ್ಲ ಎಂದು ಗೊತ್ತಾದವರು ಕಲಿಯಲು ಶುರುಮಾಡಬಹುದು.

ಮರುದಿನ ಆಟ ಮುಗಿದ ಮೇಲೆ ಗೆಳತಿಯನ್ನು ನಿಲ್ಲಿಸಿಕೊಂಡೆ. ಭದ್ರಾವತಿಯ ಕಥೆ ಕೇಳಿ ಅವಳು ನಗಲಿಲ್ಲ. ಫೋನ್ ತೆಗೆದು, “ಹೊಡಿ, ನೋಡೋಣ,” ಎಂದು ವಿಡಿಯೊ ಮಾಡಿದಳು. ತೆರೆಯ ಮೇಲೆ ಒಬ್ಬ ಹೆಂಗಸು ಒಲೆಯ ಹಿಂದಿರುವ ಡಬ್ಬಿಗೆ ಕೈ ಚಾಚಿದವಳಂತೆ ನಿಂತಿದ್ದಳು. ನನ್ನನ್ನು ನಾನು ಹಾಗೆ ನೋಡಿರಲಿಲ್ಲ.

“ಇನ್ನೊಂದು ಚೆಂಡು ತಗೋ. ಅದೇ ಥರ ನಿಂತು ಎರಡು ಕಣ್ಣಿನ ಮಧ್ಯದಿಂದ ಕೆಳಗೆ ಬಿಡು.”

ಬಿಟ್ಟೆ. ಅದು ನೆಲದ ಚೆಂಡಿನ ಮೇಲೆ ಬೀಳುವ ಬದಲು ನನ್ನ ಕಾಲ್ಬೆರಳಿನ ಪಕ್ಕ ಬಿತ್ತು.

“ಗೊತ್ತಾಯ್ತಾ? ಚೆಂಡು ಅಲ್ಲಿದೆ, ನಿನ್ನ ಕಣ್ಣು ಇಲ್ಲಿದೆ. ಓರೆಯಾಗಿ ನೋಡ್ತೀಯ, ಕುಳಿ ಎಲ್ಲೋ ಇದೆ ಅನ್ಸುತ್ತೆ. ನಾನು ಪೇಷಂಟಿಂದ ಇಷ್ಟು ದೂರ ಕೂತು ಕೆಲಸ ಮಾಡಿದ್ರೆ ಪಕ್ಕದ ಹಲ್ಲು ಕಿತ್ತಿರ್ತೀನಿ.”

ಹತ್ತಿರ ಬಂದೆ. ಪಾದಗಳನ್ನು ಭುಜದಷ್ಟೇ ಅಗಲಕ್ಕೆ ತಂದೆ. ಸೊಂಟದಿಂದ ಬಾಗಿ ತೋಳುಗಳನ್ನು ಚಾಚದೆ ಸುಮ್ಮನೆ ಇಳಿಬಿಟ್ಟೆ. ಕಣ್ಣಿನಿಂದ ಬಿಟ್ಟ ಚೆಂಡು ಕೆಳಗಿನ ಚೆಂಡಿಗೆ ತಾಗಿ ಟಕ್ ಎಂದಿತು. ಆದರೆ ಇಷ್ಟು ಹತ್ತಿರ ನಿಂತರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು, ಅಲ್ಲಿಲ್ಲದ ಎಣ್ಣೆಗೆ ಹೆದರಿ.

ಆಮೇಲೆ ಹಿಡಿತ. ನನ್ನ ಬಲಗೈ ತೋರುಬೆರಳು ಕೋಲನ್ನು ಒತ್ತುತ್ತಿತ್ತು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಕುಟ್ಟುತ್ತಿತ್ತು. ಭಾರದ ಮರಳಿಗೆ ಅದು ಸರಿ. ಹುಲ್ಲಿನ ಮೇಲೆ ಆ ಕುಟ್ಟುವಿಕೆಯೇ ಚೆಂಡನ್ನು ಪಕ್ಕಕ್ಕೆ ದಬ್ಬುತ್ತಿತ್ತು. ಗೆಳತಿ ನನ್ನ ಕೈಗಳನ್ನು ಅದಲುಬದಲು ಮಾಡಿದಳು: ಎಡಗೈ ಕೆಳಗೆ, ಬಲಗೈ ಮೇಲೆ, ಅಂಗೈಗಳು ಎದುರುಬದುರು.

“ಇದೇನೇ, ಎಡಗೈಯವರ ಥರ?”

“ಅಲ್ಲ. ನಿನ್ನ ಬಲಗೈ ಬಾಯಿ ಜೋರು. ಅದನ್ನ ಹಿಂದಿನ ಸೀಟಲ್ಲಿ ಕೂರಿಸ್ತಿದೀನಿ. ಈಗ ಭುಜ ಮಾತ್ರ ಅಲ್ಲಾಡ್ಬೇಕು, ತೊಟ್ಟಿಲ ಥರ. ಮಣಿಕಟ್ಟು ಸತ್ತ ಹಾಗಿರಲಿ. ಮತ್ತೆ ಅಷ್ಟು ಬಿಗಿ ಹಿಡೀಬೇಡ ಮಾರಾಯ್ತಿ, ಬೆರಳು ಬೆಳ್ಳಗಾಗಿದೆ ನೋಡು. ಬಾಯೊಳಗೆ ನೋಡೋ ಕನ್ನಡಿ ಹಿಡಿಯೋ ಹಾಗೆ ಹಿಡಿ. ಇಕ್ಕಳ ಹಿಡಿಯೋ ಹಾಗಲ್ಲ.”

ಈ ಮಾತು ನನ್ನ ತಲೆಗೆ ಹತ್ತಿತು. ಕನ್ನಡಿಯನ್ನು ಬಿಗಿಯಾಗಿ ಹಿಡಿದರೆ ಅದು ನಡುಗುತ್ತದೆ. ತೀರ ಸಡಿಲವಾದರೆ ಜಾರುತ್ತದೆ. ಆ ನಡುವಿನದನ್ನು ಕೈಗೆ ಕಲಿಸಬೇಕು. ಹೊಸ ಹಿಡಿತದಲ್ಲಿ ಅವತ್ತು ಹೊಡೆದ ಚೆಂಡುಗಳು ಹಿಂದಿಗಿಂತ ಕೆಟ್ಟದಾಗಿ ಹೋದವು. ಕೆಲವು ಕುಳಿಯವರೆಗೂ ಹೋಗಲಿಲ್ಲ. ಆದರೆ ತಪ್ಪುಗಳು ನನ್ನವೇ ಆಗಿದ್ದವು, ಯಾರ ಶೂವಿನದ್ದೂ ಅಲ್ಲ. ನನಗೆ ಅಷ್ಟು ಸಾಕಿತ್ತು.

ಇನ್ನೊಂದು ಕೆಲಸ ಉಳಿದಿತ್ತು. ನಮ್ಮ ಭಾನುವಾರದ ಗುಂಪಿನಲ್ಲಿ ನಾವಿಬ್ಬರಲ್ಲದೆ ಒಬ್ಬ ಅಡಿಕೆ ಮಂಡಿ ವರ್ತಕರೂ ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಎಂಜಿನಿಯರೂ ಇದ್ದಾರೆ. ಒಳ್ಳೆಯವರು. ನನ್ನ ಚೆಂಡು ಕುಳಿಯ ಹತ್ತಿರ ಬಂದರೆ ಸಾಕು, “ಕೊಟ್ಟೆ ಮೇಡಂ, ಎತ್ಕೊಳ್ಳಿ,” ಎನ್ನುತ್ತಿದ್ದರು. ಭದ್ರಾವತಿಯಲ್ಲಿ ಚಿಕ್ಕ ಹುಡುಗಿಯೆಂದು ಕೊಟ್ಟರು, ಇಲ್ಲಿ ಮೇಡಂ ಎಂದು ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಸ್ಪರ್ಧೆಯಲ್ಲಿ ಮಾತ್ರ ಹಾಗೆ ಕೊಡುವಂತಿಲ್ಲ, ಪ್ರತಿ ಚೆಂಡೂ ಬೀಳಲೇಬೇಕು. ಅಂದರೆ ನಾನು ವರ್ಷಕ್ಕೊಂದೇ ಸಲ ನಿಜವಾದ ಸಣ್ಣ ಪಟ್ ಹೊಡೆಯುತ್ತಿದ್ದೆ.

ಮುಂದಿನ ಭಾನುವಾರ ಮೊದಲನೇ ಗ್ರೀನ್‌ನಲ್ಲೇ ಮಂಡಿ ವರ್ತಕರು ಕೈ ಬೀಸಿದರು. “ಕೊಟ್ಟೆ ಮೇಡಂ.”

“ಬೇಡ ಸಾರ್, ಹೊಡೀತೀನಿ.”

“ಅಯ್ಯೋ, ಕೊಟ್ಟಿದ್ದನ್ನ ಬೇಡ ಅನ್ನಬಾರ್ದು. ಲಕ್ಷ್ಮಿ!”

“ನೀವು ಮಂಡೀಲಿ ಚೀಲ ಬಿಚ್ಚದೆ ಅಡಿಕೆ ತಗೋತೀರಾ?”

“ಅದು ವ್ಯಾಪಾರ ಮೇಡಂ.”

“ನಂಗೆ ಇದೂ ಅಷ್ಟೇ. ಇವತ್ತಿಂದ ನಂಗೆ ಯಾರೂ ಏನೂ ಕೊಡಬೇಡಿ.”

ಹೊಡೆದೆ. ಚೆಂಡು ಕುಳಿಯ ಪಕ್ಕದಲ್ಲೇ ಹಾದು ಮುಂದೆ ಹೋಯಿತು.

“ನೋಡಿ, ಚೀಲ ಬಿಚ್ಚಿದ್ರೆ ಹೀಗೇ ಆಗೋದು,” ಎಂದರು. ಎಂಜಿನಿಯರು ಗಡಿಯಾರ ನೋಡಿಕೊಂಡರು. ಕೊನೆಗೆ ಕ್ಯಾಂಟೀನು ಸೇರಿದಾಗ ಇಡ್ಲಿ ಖಾಲಿಯಾಗಿತ್ತು. “ಮೇಡಂ ಅವರ ಸತ್ಯಾಗ್ರಹಕ್ಕೆ ನಮ್ಮೆಲ್ಲರ ಉಪವಾಸ,” ಎಂದರು ಎಂಜಿನಿಯರು. ಮುಂದಿನ ಕೆಲವು ವಾರ ಇಬ್ಬರೂ ನನ್ನ ಮೇಲೆ ನಿಜಕ್ಕೂ ಬೇಸರಗೊಂಡಿದ್ದರು. ನಾನು ಕ್ಷಮೆ ಕೇಳುತ್ತಿದ್ದೆ, ಆದರೆ ಒಂದನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಮನೆಯಿಂದ ಉಪ್ಪಿಟ್ಟು ಕಟ್ಟಿಕೊಂಡು ಹೋಗತೊಡಗಿದ ಮೇಲೆ ಸ್ವಲ್ಪ ಶಾಂತಿಯಾಯಿತು.

ಮಳೆಗಾಲದಲ್ಲಿ ಗ್ರೀನ್ ನೆನೆದು ಭಾರವಾಗಿ ಮರಳಿನ ಹಾಗೆಯೇ ಆಯಿತು. ಆಗ ಹಳೆಯ ಕೈಗೆ ಮತ್ತೆ ಆಸೆ ಹುಟ್ಟಿತು: ಕುಟ್ಟಿಬಿಡು, ಒಂದೇ ಏಟು. ಎರಡು ಭಾನುವಾರ ಕುಟ್ಟಿದೆ, ಚೆಂಡು ಬಿದ್ದಿತು ಕೂಡ. ಬಿದ್ದದ್ದೇ ಹೆಚ್ಚು ಅಪಾಯ ಎನಿಸಿತು. ಮೂರನೆಯ ವಾರ ಮತ್ತೆ ಎಡಗೈ ಕೆಳಗಿಟ್ಟೆ. ಹಜಾರದಲ್ಲಿ ಲೋಟದ ಸದ್ದು ಕಡಿಮೆಯಾಗುತ್ತ ಬಂತು. ಗಂಡ ಅದನ್ನು ಗಮನಿಸಿದರೋ ಇಲ್ಲವೋ, ಹೇಳಲಿಲ್ಲ. ಕೇಳಿದರೆ ದೃಷ್ಟಿ ತಾಗಬಹುದೆಂದು ನಾನೂ ಕೇಳಲಿಲ್ಲ.

ಹೊಸ ಹಿಡಿತದಲ್ಲಿ ನನಗೆ ಕಷ್ಟವಾದದ್ದು ದಾರಿ. ಬ್ರೌನ್ ಮೇಲೆ ಪೈಪ್ ಎಳೆದ ದಾರಿ ಕಣ್ಣಿಗೆ ಕಾಣುತ್ತಿತ್ತು. ಹುಲ್ಲಿನ ಮೇಲೆ ಯಾರೂ ಎಳೆದಿಟ್ಟಿರುವುದಿಲ್ಲ. ಇಳಿಜಾರನ್ನು ನೋಡಿ ನಾವೇ ಊಹಿಸಿ, ಆ ಊಹೆಯನ್ನು ನಂಬಿ ಹೊಡೆಯಬೇಕು. ನಾನು ಊಹೆಗಳನ್ನು ನಂಬುವವಳಲ್ಲ. ಚೆಂಡಿನ ಹಿಂದೆ ಕೂತು ನೋಡುತ್ತಿದ್ದೆ, ಎದ್ದು ನಿಂತೊಡನೆ ಅನುಮಾನ ಬರುತ್ತಿತ್ತು. ಕೊನೆಗೆ ಒಂದು ನಿಯಮ ಮಾಡಿಕೊಂಡೆ: ಕೂತಾಗ ಎಷ್ಟು ಬೇಕಾದರೂ ಅನುಮಾನಿಸಬಹುದು, ಪಾದ ಊರಿದ ಮೇಲೆ ಇಲ್ಲ. ಅನುಮಾನ ಬಂದರೆ ಹೊಡೆಯಬಾರದು, ಹಿಂದೆ ಸರಿದು ಮತ್ತೆ ಕೂರಬೇಕು.

ಸ್ಪರ್ಧೆಗೆ ಹೆಸರು ಕೊಡುವ ದಿನ ಹತ್ತಿರವಾದಾಗ ಗೆಳತಿ ಗ್ರೀನ್ ಪಕ್ಕದಲ್ಲಿ ನಿಂತು ನೇರವಾಗಿ ಕೇಳಿದಳು. “ಹೇಳು. ನಿನ್ನ ಹೆಸರು ಕೊಡ್ಲಾ?”

“ತಪ್ಪಲ್ಲ ಅಂತ ಹೇಳಲ್ಲ. ಇವತ್ತೂ ತಪ್ಪಿದೀನಿ, ನೀನೇ ನೋಡ್ದೆ.”

“ನೋಡ್ದೆ. ಅದಕ್ಕೇ ಕೇಳ್ತಿರೋದು.”

“ಯಾಕೆ ತಪ್ತು ಅಂತ ಈಗ ನಂಗೆ ಗೊತ್ತಾಗುತ್ತೆ. ಹೋದ ವರ್ಷ ಗೊತ್ತಿರ್ಲಿಲ್ಲ. ಕೊಡು.”

ಅವಳು ನನ್ನನ್ನು ಸ್ವಲ್ಪ ಹೊತ್ತು, ಎಕ್ಸ್‌ರೇ ನೋಡುವವಳ ಹಾಗೆ, ನೋಡಿದಳು. “ಸರಿ ಮಾರಾಯ್ತಿ. ಇದೇ ಕೊನೇ ಚಾನ್ಸು, ನೆನಪಿರ್ಲಿ,” ಎಂದಳು.

ಸ್ಪರ್ಧೆಯ ದಿನ ಬಿಸಿಲು ಚೆನ್ನಾಗಿತ್ತು, ಗ್ರೀನ್ ಒಣಗಿ ವೇಗವಾಗಿತ್ತು. ಎರಡನೆಯ ಕುಳಿಯಲ್ಲಿ ಅವಳು ಚೆಂಡನ್ನು ಮೊಳದೂರಕ್ಕೆ ತಂದಿಟ್ಟಳು. ನಾನು ತಪ್ಪಿದೆ. ಎಲ್ಲ ಸರಿಯಾಗಿ ಮಾಡಿಯೂ ತಪ್ಪಿದೆ ಎಂದು ಬರೆಯಲು ಮನಸ್ಸಾಗುತ್ತದೆ. ಇಲ್ಲ, ಬಲಗೈ ಕೊನೆಯಲ್ಲಿ ಸ್ವಲ್ಪ ಕುಟ್ಟಿತು. ಅವಳು ಚೀಲ ಹೆಗಲಿಗೇರಿಸಿಕೊಂಡು ಮುಂದಿನ ಕುಳಿಯತ್ತ ನಡೆದಳು. ಮುಂದಿನ ಗ್ರೀನ್‌ನಲ್ಲಿ ಪಟರ್ ಹಿಡಿದಾಗ ನನ್ನ ಕೈಗಳು ತಾವಾಗಿ ಅದಲುಬದಲಾಗಿದ್ದವು: ಬಲಗೈ ಕೆಳಗೆ, ತೋರುಬೆರಳು ಉದ್ದಕ್ಕೆ. ಕಾಲು ದೂರ ಸರಿದಿತ್ತು. ಹೆದರಿದ ಕೈ ತನಗೆ ಮೊದಲು ಗೊತ್ತಾದ ಕಡೆಗೆ ಓಡುತ್ತದೆ. ನಾನು ಹಿಂದೆ ಸರಿದು, ಕೋಲು ನೆಲಕ್ಕಿಟ್ಟು, ಕೈ ಕೊಡವಿ ಮತ್ತೆ ಮೊದಲಿನಿಂದ ನಿಂತೆ. ಪಾದ, ಸೊಂಟ, ಕಣ್ಣು, ಎಡಗೈ, ಕನ್ನಡಿ. ಚೆಂಡು ಬಿದ್ದಿತು. ಆಮೇಲಿನವೂ ಒಂದೊಂದಾಗಿ ಬಿದ್ದವು. ಪ್ರತಿ ಸಲವೂ ನಾನು ಮೊದಲಿನಿಂದಲೇ ನಿಲ್ಲಬೇಕಾಯಿತು. ಅಭ್ಯಾಸವಾಗಿಬಿಟ್ಟಿತು ಎಂದು ಹೇಳುವಂತಿರಲಿಲ್ಲ.

ಏಳನೆಯದರಲ್ಲಿ ಗೆಳತಿ ಹೊಡೆದ ಚೆಂಡು ಎಡಕ್ಕೆ ತಿರುಗಿ ಚರಂಡಿಗೆ ಬಿತ್ತು. ಅಲ್ಲೇ ಗೆಲ್ಲುವ ಲೆಕ್ಕ ಮುಗಿಯಿತು. ಅವಳ ಬಾಯಿಂದ ಬಂದ ಮಾತನ್ನು ಅವಳ ಪೇಷಂಟುಗಳು ಕೇಳಬಾರದು.

ಒಂಬತ್ತನೆಯ ಗ್ರೀನ್‌ನಲ್ಲಿ ನನಗೆ ಉಳಿದದ್ದು ಎರಡು ಮೊಳಕ್ಕಿಂತ ಸ್ವಲ್ಪ ಹೆಚ್ಚು, ಇಳಿಜಾರಿನಲ್ಲಿ, ಎಡದಿಂದ ಬಲಕ್ಕೆ ವಾಲುವ ಪಟ್. ಬಹುಮಾನ ಕೈತಪ್ಪಿತ್ತು, ಹಾಗಾಗಿ ಅದು ಬಿದ್ದರೂ ಬೀಳದಿದ್ದರೂ ಬೇರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ಚೆಂಡಿನ ಹಿಂದೆ ಕೂತೆ. ಎಡ ಅಂಚಿಗೆ ಗುರಿ ಎಂದುಕೊಂಡೆ. ನಿಂತೆ. ಅನುಮಾನ ಬಂತು. ಹಿಂದೆ ಸರಿದು ಮತ್ತೆ ಕೂತೆ. ಹಿಂದೆ ಕಾಯುತ್ತಿದ್ದ ಜೋಡಿಯಲ್ಲಿ ಒಬ್ಬರು ಕೆಮ್ಮಿದರು. ಮತ್ತೆ ನಿಂತು ಭುಜ ಅಲ್ಲಾಡಿಸಿದೆ.

ಚೆಂಡು ಬಿದ್ದಿತು.

“ಜೀವ ತೆಗೀತೀಯ ಕಣೇ,” ಎಂದಳು ಗೆಳತಿ. ಅಷ್ಟೆ.

ಫಲಿತಾಂಶದಲ್ಲಿ ನಾವು ನಡುವಿಗಿಂತ ಕೆಳಗಿದ್ದೆವು. ಕ್ಯಾಂಟೀನಿನಲ್ಲಿ ಅವಳು ಚಹಾ ಲೋಟವನ್ನು ತಿರುಗಿಸುತ್ತ ಕೂತಿದ್ದಳು.

“ಚರಂಡಿಗೆ ಹಾಕಿದ್ದು ನಾನು,” ಎಂದಳು.

“ಎಲ್ಲರೂ ನೋಡಿದಾರೆ.”

“ಜೋಡಿ ಬದಲಾಯಿಸ್ತೀಯೇನು?”

ತಮಾಷೆಗೆ ಕೇಳಿದಳೋ ನಿಜಕ್ಕೆ ಕೇಳಿದಳೋ ಎಂದು ತಿಳಿಯಲು ಮುಖ ನೋಡಿದೆ. ತಿಳಿಯಲಿಲ್ಲ. “ಭಾನುವಾರ ಸ್ವಲ್ಪ ಬೇಗ ಬಾ,” ಎಂದೆ. “ನಿನ್ನ ಆ ಹೊಡೆತದ ವಿಡಿಯೊ ಮಾಡೋಣ. ನಿನ್ನ ಎಡ ಭುಜ ಮೊದಲೇ ತಿರುಗ್ತಿದೆ ಅನ್ಸುತ್ತೆ.”

“ಅನ್ಸುತ್ತಾ, ಗೊತ್ತಾ?”

“ಅನ್ಸುತ್ತೆ. ನೋಡಿದ್ಮೇಲೆ ಗೊತ್ತಾಗುತ್ತೆ.”

ಇದನ್ನು ಅದೇ ಸಂಜೆ ಬರೆಯುತ್ತಿದ್ದೇನೆ, ನೆನಪು ತನ್ನ ಕೆಲಸ ಶುರುಮಾಡುವ ಮೊದಲು. ಮುಂದೆ ಎಂದಾದರೂ ನಾನು, ಕೊನೆಯ ಪಟ್ ಕುಳಿಯ ನಟ್ಟನಡುವೆ ಬಿದ್ದಿತು ಎಂದು ಹೇಳಿದರೆ ನಂಬಬಾರದು. ಅದು ಬಲ ಅಂಚಿಗೆ ಬಡಿದು, ಬಾಯಿಯ ಅರ್ಧ ಸುತ್ತು ತಿರುಗಿ, ಬೀಳಲೋ ಬೇಡವೋ ಎಂದು ನಿಂತಂತಾಗಿ ಬಿದ್ದಿತು. ಚೆಂಡು ನೋಡುವ ಆತುರಕ್ಕೆ ನಾನು ತಲೆ ಎತ್ತಿದ್ದು ಸ್ವಲ್ಪ ಬೇಗ. ಅದನ್ನು ಸರಿಮಾಡಿಕೊಳ್ಳಬೇಕು.